ಮಂಚದ ಮಗ್ಗುಲಿನ ಗೂಡು

ಹತ್ತಡಿ ಅಗಲದ ಮಲಗುವ ಕೋಣೆಗೆ ಆರಡಿ ಅಗಲದ ಮಂಚ ಬಂದರೆ ಉಳಿಯುವುದು ನಾಲ್ಕಡಿ. ಪಕ್ಕದ ಗೋಡೆಗೆ ವಾರ್ಡ್‌ರೋಬ್ ನಿಂತರೆ ಅದರಲ್ಲಿ ಎರಡಡಿ ಹೋಯಿತು. ವಾರ್ಡ್‌ರೋಬಿನ ಬಾಗಿಲು ತೆರೆಯಲು, ಓಡಾಡಲು ಮಿಕ್ಕ ಎರಡಡಿ ಬೇಕೇ ಬೇಕು. ಹಾಗಾಗಿ ಮಂಚ ಸರಿಯುತ್ತ ಸರಿಯುತ್ತ ಆಚೆ ಗೋಡೆಗೆ ಅಂಟಿಕೊಳ್ಳುತ್ತದೆ. ಹೊರಮಗ್ಗುಲಲ್ಲಿ ಮಲಗಿದವರು ನೆಲದ ಮೇಲಾದರೂ ನೀರಿನ ಬಾಟಲಿ ಇಟ್ಟುಕೊಂಡಾರು. ಗೋಡೆಮಗ್ಗುಲಿನವರ ಪಾಡು ಬೇರೆ. ಕನ್ನಡಕ ದಿಂಬಿನಡಿ, ಮೊಬೈಲು ಹೊದಿಕೆಯೊಳಗೆ. ಬೆಳಗಿನ ಜಾವದ ಥೈರಾಯ್ಡ್ ಮಾತ್ರೆಗೆ ಪಕ್ಕದವರನ್ನು ದಾಟಿಯೇ ಇಳಿಯಬೇಕು.

ಹತ್ತಡಿ ಅಗಲವೂ ಎಲ್ಲರಿಗೂ ಸಿಗುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಎರಡು ಕೋಣೆಗಳ ಮನೆಯಲ್ಲಿ ಒಂದು ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು, ಇನ್ನೊಂದು 7.5 ಚದರ ಮೀಟರ್‌ಗೆ ಇಳಿಯಬಹುದು, ಅಗಲ 2.1 ಮೀಟರ್ ಇದ್ದರೆ ಸಾಕು. ಅಂದರೆ ಏಳಡಿಗೂ ತುಸು ಕಡಿಮೆ. ಅಲ್ಲಿಗೆ ಐದಡಿಯ ಕ್ವೀನ್ ಸೈಜ್ ಮಂಚ ತಂದಿಟ್ಟರೆ ಪಕ್ಕದಲ್ಲಿ ಎರಡಡಿಯೂ ಉಳಿಯದು. ಅಂಗಡಿಯಲ್ಲಿ ಸಿಗುವ ಒಂದೂವರೆ ಅಡಿಯ ಸೈಡ್ ಟೇಬಲ್ ಅಲ್ಲಿ ಕೂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು.

ನೆಲದ ಮೇಲೆ ಸಿಗದ ಜಾಗವನ್ನು ಗೋಡೆಯೊಳಗೆ ಹುಡುಕುವುದು ಹೊಸ ಉಪಾಯವೇನಲ್ಲ. ಕರ್ನಾಟಕದ ಹಳೆಯ ಮನೆಗಳೆಲ್ಲ ಅದನ್ನೇ ಮಾಡುತ್ತಿದ್ದವು.

ದಪ್ಪ ಗೋಡೆಯ ಕಾಲ

ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ ಇಲ್ಲದಿದ್ದರೆ ಮಾಳಿಗೆಯ ಭಾರ ತಡೆಯುತ್ತಿರಲಿಲ್ಲ. ಬಯಲುಸೀಮೆಯ ಕಲ್ಲು ಮಣ್ಣಿನ ಗೋಡೆಗಳು ಇನ್ನೂ ದಪ್ಪ. ಅಷ್ಟು ದಪ್ಪದ ಗೋಡೆಯಲ್ಲಿ ಮುಕ್ಕಾಲು ಅಡಿ ಆಳದ ಗೂಡು ಬಿಟ್ಟರೂ ಹಿಂದೆ ಮತ್ತಷ್ಟು ಗೋಡೆ ಉಳಿಯುತ್ತಿತ್ತು. ದೀಪಕ್ಕೊಂದು, ದೇವರಿಗೊಂದು, ಎಲೆ ಅಡಿಕೆ ಚೀಲಕ್ಕೊಂದು ಎಂದು ಗೂಡುಗಳು ಗೋಡೆ ಏಳುವಾಗಲೇ ಹುಟ್ಟುತ್ತಿದ್ದವು. ಉತ್ತರ ಕರ್ನಾಟಕದ ಮಂದಿ ದೀಪದ ಮಾಡ ಅನ್ನುವುದು ಇವನ್ನೇ. ನೆತ್ತಿಗೆ ಒಂದು ಚಪ್ಪಡಿ ಅಥವಾ ಹಲಗೆ ಕೂರಿಸಿ, ಒಳಮೈಗೆ ಸುಣ್ಣವೋ ಕೆಮ್ಮಣ್ಣೋ ಬಳಿದರೆ ಕೆಲಸ ಮುಗಿಯಿತು. ಅದರ ಪಕ್ಕದಲ್ಲೇ ಗಿಳಿಗೂಟ, ಮೇಲೆ ನಾಗಂದಿಗೆ. ಬಟ್ಟೆ, ಕಂಬಳಿ, ಲಾಟೀನು ಯಾವುದಕ್ಕೂ ನೆಲ ಬೇಕಾಗುತ್ತಿರಲಿಲ್ಲ.

ಹಾಗೆಂದು ಆ ಗೂಡುಗಳು ಮಂಚಕ್ಕಾಗಿಯೇ ಹುಟ್ಟಿದವಲ್ಲ. ಬಹಳಷ್ಟು ಮನೆಗಳಲ್ಲಿ ರಾತ್ರಿ ಬಿಡಿಸಿದ ಹಾಸಿಗೆ ಬೆಳಗ್ಗೆ ಸುರುಳಿಯಾಗಿ ಮೂಲೆ ಸೇರುತ್ತಿತ್ತು. ಸೆಕೆಗೆ ಜಗಲಿಯಲ್ಲಿ, ಚಳಿಗೆ ಒಳಮನೆಯಲ್ಲಿ, ನೆಂಟರು ಬಂದ ದಿನ ಪಡಸಾಲೆಯ ಉದ್ದಕ್ಕೂ ಚಾಪೆ ಹಾಸುತ್ತಿದ್ದರು. ಮಲಗುವ ಜಾಗವೇ ಗೊತ್ತಿಲ್ಲದಿರುವಾಗ ಅದರ ಮಗ್ಗುಲು ಗೊತ್ತಿರುವುದು ಹೇಗೆ? ಯಾವ ಗೋಡೆಗೆ ತಲೆ ಕೊಟ್ಟರೂ ಕೈಗೆಟಕುವಲ್ಲಿ ಒಂದು ಗೂಡು ಇರುತ್ತಿತ್ತು, ಅಷ್ಟೆ. ಮಂಚ ಕೋಣೆಯೊಂದರಲ್ಲಿ ಕಾಯಂ ಆಗಿ ನೆಲೆಯೂರಿ, ಮಲಗುವವರ ಎಡ ಬಲ ನಿಗದಿಯಾದ ಮೇಲೆಯೇ ‘ಮಂಚದ ಪಕ್ಕ’ ಎಂಬ ಜಾಗ ಹುಟ್ಟಿದ್ದು. ದುರದೃಷ್ಟವೆಂದರೆ, ಅದು ಹುಟ್ಟುವ ಹೊತ್ತಿಗೆ ಗೋಡೆಗಳು ಸಣಕಲಾಗಿದ್ದವು.

ಐದು ಸಾವಿರ ವರ್ಷದ ಹಿಂದಿನ ಮಲಗುವ ಕೋಣೆ

ಮಂಚ ಮೊದಲೇ ಕಾಯಂ ಆಗಿದ್ದ ಕಡೆ ಗೋಡೆಯೂ ಅದಕ್ಕೆ ತಕ್ಕಂತೆ ರೂಪುಗೊಂಡಿತ್ತು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪದಲ್ಲಿ 1850ರ ಬಿರುಗಾಳಿಯೊಂದು ಕಡಲತಡಿಯ ಮರಳುದಿಬ್ಬವನ್ನು ಕಿತ್ತೊಗೆದಾಗ ಅಡಿಯಲ್ಲಿ ಕಲ್ಲಿನ ಮನೆಗಳು ಕಾಣಿಸಿಕೊಂಡವು. ಅದೇ ಸ್ಕಾರಾ ಬ್ರೇ. 1920ರ ದಶಕದ ಕೊನೆಯಲ್ಲಿ ಗಾರ್ಡನ್ ಚೈಲ್ಡ್ ಎಂಬ ಪುರಾತತ್ವಜ್ಞ ಅಲ್ಲಿ ಉತ್ಖನನ ನಡೆಸಿದರು. ಸುಮಾರು ಐದು ಸಾವಿರ ವರ್ಷಗಳ ಹಿಂದಿನ ಆ ಊರಿನಲ್ಲಿ ಮರ ಅಪರೂಪ. ಹಾಗಾಗಿ ಮಂಚವೂ ಕಲ್ಲಿನದೇ. ಚಪ್ಪಡಿಗಳನ್ನು ನಿಲ್ಲಿಸಿ ತೊಟ್ಟಿಯಂತೆ ಕಟ್ಟಿದ ಆ ಹಾಸಿಗೆಗಳ ಮೇಲ್ಗಡೆ, ಗೋಡೆಯಲ್ಲಿ, ಸಣ್ಣ ಸಣ್ಣ ಗೂಡುಗಳಿವೆ. ಮಲಗಿದವರು ತಮ್ಮ ವಸ್ತುಗಳನ್ನು ಇಟ್ಟುಕೊಳ್ಳುತ್ತಿದ್ದ ಜಾಗ ಅದು ಎಂದು ತಜ್ಞರು ಊಹಿಸುತ್ತಾರೆ. ಕಲ್ಲಿನಲ್ಲಿ ಕಟ್ಟಿದ್ದರಿಂದಲೇ ಅವು ಉಳಿದುಕೊಂಡವು.

ಯುರೋಪಿನ ಚಳಿ ಈ ಯೋಚನೆಯನ್ನು ಇನ್ನೊಂದು ದಿಕ್ಕಿಗೆ ಎಳೆಯಿತು. ನೆದರ್ಲೆಂಡ್ಸ್‌ನಲ್ಲಿ, ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲಿ ಮಂಚವನ್ನೇ ಬಾಗಿಲಿರುವ ಕಪಾಟಿನೊಳಗೆ ತಳ್ಳಿಬಿಟ್ಟರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಚಿತ್ರಕಾರ ರೆಂಬ್ರಾಂಟ್ 1639ರಲ್ಲಿ ಕೊಂಡ ಮನೆ ಈಗ ಮ್ಯೂಸಿಯಂ. ಅಲ್ಲಿ ಅಂಥ ಕಪಾಟುಮಂಚ ನೋಡಲು ಸಿಗುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ವರ್ಜೀನಿಯಾದ ತಮ್ಮ ಮಾಂಟಿಚೆಲ್ಲೊ ಮನೆಯಲ್ಲಿ ಮಂಚವನ್ನು ಮಲಗುವ ಕೋಣೆಗೂ ಬರೆಯುವ ಕೋಣೆಗೂ ನಡುವಿನ ಗೋಡೆಯ ತೆರವಿನಲ್ಲೇ ಇರಿಸಿದ್ದರು. ಒಂದು ಮಗ್ಗುಲಿಗೆ ಇಳಿದರೆ ಬಟ್ಟೆ ತೊಡುವ ಜಾಗ, ಇನ್ನೊಂದು ಮಗ್ಗುಲಿಗೆ ಇಳಿದರೆ ಪುಸ್ತಕ ಮತ್ತು ಮೇಜು. ಮಂಚದ ನೆತ್ತಿಯ ಮೇಲೆ ಬಟ್ಟೆಬರೆಗೆ ಒಂದು ಅಟ್ಟ, ಅದಕ್ಕೆ ಗಾಳಿ ಬೆಳಕಿಗೆಂದು ಮೊಟ್ಟೆಯಾಕಾರದ ಕಿಂಡಿಗಳು. ಜೆಫರ್ಸನ್ 1826ರ ಜುಲೈ 4ರಂದು ಕೊನೆಯುಸಿರೆಳೆದದ್ದೂ ಅದೇ ಮಂಚದ ಮೇಲೆ.

ಕಪಾಟಿನೊಳಗೆ ಮಲಗುವುದು ನಮ್ಮ ಸೆಕೆಗೆ, ಸೊಳ್ಳೆಗೆ, ಫ್ಯಾನಿನ ಗಾಳಿಗೆ ಹೊಂದುವ ಮಾತಲ್ಲ. ಆದರೆ ಗೋಡೆಯ ದಪ್ಪವನ್ನು ಮಲಗಿದವರ ಕೈಗೆ ಒಪ್ಪಿಸುವ ಉಪಾಯ ಹೊಂದುತ್ತದೆ. ಬ್ರಿಟನ್ನಿನಿಂದ ಬಂದು ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಕಡಿಮೆ ಖರ್ಚಿನ ಮನೆಗಳಲ್ಲಿ ಇದನ್ನೇ ಮಾಡಿದರು. ಕೂರುವ ಕಟ್ಟೆ, ಪುಸ್ತಕದ ಗೂಡು ಎಲ್ಲವನ್ನೂ ಇಟ್ಟಿಗೆಯಲ್ಲೇ ಕಟ್ಟಿದರೆ ಪೀಠೋಪಕರಣದ ಖರ್ಚೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ ಎಂಬುದು ಅವರ ಲೆಕ್ಕ.

ಗೋಡೆ ಎಷ್ಟು ದಪ್ಪ?

ಇವತ್ತು ಕರ್ನಾಟಕದ ಪಟ್ಟಣಗಳಲ್ಲಿ ಏಳುವ ಮನೆಯ ಹೊರಗೋಡೆ ಹೆಚ್ಚೆಂದರೆ ಎಂಟೊಂಬತ್ತು ಅಂಗುಲ, ಒಳಗೋಡೆ ನಾಲ್ಕರಿಂದ ಆರು ಅಂಗುಲ. ಭಾರವನ್ನು ಕಾಂಕ್ರೀಟಿನ ಕಂಬ ತೊಲೆಗಳು ಹೊರುವಾಗ ಗೋಡೆಗೆ ಉಳಿಯುವುದು ಮರೆ ಮಾಡುವ ಕೆಲಸ ಮಾತ್ರ. ನಾಲ್ಕಂಗುಲದ ಗೋಡೆಯಲ್ಲಿ ಗೂಡು ಮಾಡಹೊರಟರೆ ಕೈ ಪಕ್ಕದ ಕೋಣೆಯಲ್ಲಿ ಹೊರಬರುತ್ತದೆ. ಒಂಬತ್ತಂಗುಲದ ಇಟ್ಟಿಗೆ ಗೋಡೆಯಾದರೆ ಅರ್ಧ ಇಟ್ಟಿಗೆಯಷ್ಟು, ಅಂದರೆ ನಾಲ್ಕೂವರೆ ಅಂಗುಲ, ಒಳಕ್ಕೆ ಹೋಗಬಹುದು. ಗಾರೆ ಬಳಿದ ಮೇಲೆ ನಾಲ್ಕಂಗುಲ ಉಳಿಯುತ್ತದೆ.

ಆ ನಾಲ್ಕಂಗುಲದಲ್ಲಿ ಏನೇನು ಹಿಡಿಯುತ್ತದೆ? ಒಂದು ಲೀಟರಿನ ಬಾಟಲಿ ಮೂರು, ಮೂರೂವರೆ ಅಂಗುಲ ಅಡ್ಡಳತೆ, ಸಲೀಸಾಗಿ ನಿಲ್ಲುತ್ತದೆ. ಮೊಬೈಲು, ಕನ್ನಡಕದ ಡಬ್ಬಿ, ಮಾತ್ರೆಯ ಪಟ್ಟಿ, ಟಾರ್ಚು, ಅಮೃತಾಂಜನಕ್ಕೆ ತೊಂದರೆಯಿಲ್ಲ. ತಾಮ್ರದ ಚೊಂಬು ಕೂರುವುದಿಲ್ಲ. ಕನ್ನಡದ ಕಾದಂಬರಿಗಳು ಹೆಚ್ಚಾಗಿ ಬರುವ ಡೆಮಿ ಆಕಾರದ ಪುಸ್ತಕ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಕಪಾಟಿನಲ್ಲಿ ಜೋಡಿಸುವ ಹಾಗೆ ಬೆನ್ನು ಹೊರಗಿಟ್ಟು ನಿಲ್ಲಿಸಿದರೆ ಒಂದೂವರೆ ಅಂಗುಲ ಆಚೆ ಚಾಚುತ್ತದೆ. ಮುಖಪುಟ ಕಾಣುವಂತೆ ಒರಗಿಸಿಟ್ಟರೆ ನಾಲ್ಕು ಪುಸ್ತಕ ಒಂದರ ಹಿಂದೊಂದು ನಿಲ್ಲುತ್ತವೆ.

ಇದು ಗೋಡೆ ಏಳುವಾಗಲೇ ಮೇಸ್ತ್ರಿಗೆ ಹೇಳಬೇಕಾದ ಕೆಲಸ. ಕಟ್ಟಿ ಮುಗಿದ ಗೋಡೆಯನ್ನು ಕೊರೆಯುವುದು ಬೇರೆಯೇ ಬಗೆಯ ವ್ಯವಹಾರ. ಕಂಬ ಮತ್ತು ತೊಲೆಯನ್ನು ಮುಟ್ಟುವ ಹಾಗೇ ಇಲ್ಲ. ಕಂಬವಿಲ್ಲದೆ ಗೋಡೆಯೇ ಭಾರ ಹೊರುವ ಹಳೆಯ ಮನೆಗಳಲ್ಲಿ ವೈರಿನ ಪೈಪಿಗೆ ಗ್ರೂವ್ ಹೊಡೆಯುವುದಕ್ಕೂ ಮಿತಿಯಿದೆ: ಭಾರತೀಯ ಮಾನಕ ಸಂಹಿತೆಯಂತೆ ನೆಟ್ಟಗೆ ಹೋಗುವ ಗ್ರೂವ್ ಗೋಡೆ ದಪ್ಪದ ಮೂರನೇ ಒಂದು ಭಾಗವನ್ನು, ಅಡ್ಡ ಹೋಗುವುದು ಆರನೇ ಒಂದು ಭಾಗವನ್ನು ಮೀರಬಾರದು. ಬೇಕರ್ ಜನಪ್ರಿಯಗೊಳಿಸಿದ, ಇಟ್ಟಿಗೆಯನ್ನು ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ‘ರ‍್ಯಾಟ್ ಟ್ರ್ಯಾಪ್’ ಗೋಡೆಯನ್ನು ಆಮೇಲೆ ಒಡೆದರೆ ಆ ಟೊಳ್ಳುಗಳೇ ಬಾಯಿಬಿಡುತ್ತವೆ.

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳ ಸಂಗತಿ ಇನ್ನೂ ಬಿಗಿ. ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟು ಸುರಿದು ಕಟ್ಟುವ, ಎಲ್ಲರೂ ‘ಮೈವಾನ್’ ಎಂದು ಕರೆಯುವ ವಿಧಾನದಲ್ಲಿ ಮಲಗುವ ಕೋಣೆಯ ಗೋಡೆಯೇ ಕಟ್ಟಡದ ಕಾಲು. ಅಲ್ಲಿ ಗೂಡಿನ ಆಸೆ ಬಿಟ್ಟು ಬೇರೆ ದಾರಿ ನೋಡುವುದೇ ಸರಿ.

ಮಳೆಯ ಸೀಮೆಗೆ ಇನ್ನೊಂದು ಎಚ್ಚರಿಕೆ. ಕರಾವಳಿ ಮಲೆನಾಡುಗಳಲ್ಲಿ ಜೂನ್‌ನಿಂದ ನೈಋತ್ಯದ ಗಾಳಿಮಳೆ ಗೋಡೆಗೆ ನೇರ ಬಡಿಯುತ್ತದೆ. ಆ ದಿಕ್ಕಿನ ಹೊರಗೋಡೆಯಲ್ಲಿ ಗೂಡು ತೆಗೆದರೆ ಹಿಂದೆ ಉಳಿಯುವ ಅರ್ಧ ಇಟ್ಟಿಗೆ ತೇವ ಹೀರಿ, ಆಗಸ್ಟಿನ ಹೊತ್ತಿಗೆ ಪುಸ್ತಕಕ್ಕೆ ಬೂಷ್ಟು ಹಿಡಿದಿರುತ್ತದೆ. ಅಲ್ಲಿ ಗೂಡಿಗೆ ಬೇರೆ ದಿಕ್ಕಿನ ಗೋಡೆಯೇ ಸರಿ.

ಮಲಗಿ ನೋಡಿ ಅಳತೆ ತೆಗೆಯಬೇಕು

ಗೂಡಿನ ಎತ್ತರವನ್ನು ಸಾಮಾನ್ಯವಾಗಿ ನಿಂತವರ ಕಣ್ಣಳತೆಯಲ್ಲಿ ನಿರ್ಧರಿಸಿಬಿಡುತ್ತಾರೆ. ಬಳಸುವುದು ಮಲಗಿದವರು. ಹಾಸಿಗೆಯ ಮೇಲ್ಮೈ ನೆಲದಿಂದ 18ರಿಂದ 22 ಅಂಗುಲ ಇರುವುದು ವಾಡಿಕೆ. ಗೂಡಿನ ತಳ ಅದಕ್ಕಿಂತ ಮೂರು ನಾಲ್ಕು ಅಂಗುಲ ಮೇಲಿದ್ದರೆ ಹೊದಿಕೆ ದಿಂಬುಗಳು ಅದನ್ನು ಮುಚ್ಚುವುದಿಲ್ಲ. ನೀರು ತೆಗೆಯಲು ಎದ್ದು ಕೂರಬೇಕಾಗಿಯೂ ಇಲ್ಲ. ಬಾಟಲಿ ನಿಲ್ಲಬೇಕಾದರೆ ಒಳಗಿನ ಎತ್ತರ ಹದಿಮೂರು ಅಂಗುಲವಾದರೂ ಬೇಕು. ನಾರಿನ ನಾಲ್ಕಂಗುಲದ ಹಾಸಿಗೆ ತೆಗೆದು ಎಂಟಂಗುಲದ ಫೋಮ್ ಹಾಸಿಗೆ ಹಾಕುವ ಯೋಚನೆಯಿದ್ದರೆ ಆ ಲೆಕ್ಕವನ್ನೂ ಮೊದಲೇ ಸೇರಿಸಿಕೊಳ್ಳಬೇಕು.

ಗೂಡು ದಿಂಬಿನ ಹಿಂದೆ ಇರುವುದಕ್ಕಿಂತ ಭುಜದ ಪಕ್ಕದಲ್ಲಿರುವುದು ಮೇಲು. ತಲೆಯ ಹಿಂದಕ್ಕೆ ಕೈ ತಿರುಚುವುದು ಭುಜ ಹಿಡಿದಿರುವ ಹಿರಿಯರಿಗೆ ಆಗದ ಕೆಲಸ. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿದ್ದರೆ ಯಾವ ಕೈ ಆಡುತ್ತದೋ ಆ ಮಗ್ಗುಲಿಗೇ ಮಂಚ ತಿರುಗಿಸಬೇಕಾಗುತ್ತದೆ.

ಅಂಚಿಗೆ ಅರ್ಧ ಅಂಗುಲದ ತಡೆ ಇಲ್ಲದಿದ್ದರೆ ಗೂಡಿನಲ್ಲಿಟ್ಟ ಕನ್ನಡಕ ಮಂಚಕ್ಕೂ ಗೋಡೆಗೂ ನಡುವಿನ ಸಂದಿಗೆ ಜಾರುತ್ತದೆ. ಆ ಸಂದಿ ಎರಡಂಗುಲದ್ದೇ ಇರಬಹುದು, ಆದರೆ ಮೊಬೈಲು, ಪೆನ್ನು, ಮಕ್ಕಳ ಕಿವಿಯೋಲೆ ಎಲ್ಲ ಕೊನೆಗೆ ಸಿಗುವುದು ಅಲ್ಲಿಯೇ. ಮರದ ಪಟ್ಟಿಯೊಂದನ್ನು ಮಂಚದ ಅಂಚಿಗೆ ಬಡಿದು ಅದನ್ನು ಮುಚ್ಚಬಹುದು.

ಸೊಳ್ಳೆ ಪರದೆ ಕಟ್ಟುವ ಮನೆಗಳಲ್ಲಿ ಇನ್ನೊಂದು ತೊಡಕು. ಹಾಸಿಗೆಯಡಿ ಸಿಕ್ಕಿಸಿದ ಪರದೆಯ ಆಚೆ ಎಂಥ ಚಂದದ ಗೂಡಿದ್ದರೂ ರಾತ್ರಿ ಅದು ದೂರದ ಊರು. ಅಂಥವರಿಗೆ ಮಂಚದ ತಲೆದೆಸೆಯ ಹಲಗೆಗೇ ಕೂರಿಸಿದ, ಪರದೆಯ ಒಳಗೇ ಬರುವ ಐದಾರು ಅಂಗುಲದ ಅಟ್ಟಣಿಗೆ ಉಪಯೋಗಕ್ಕೆ ಬರುತ್ತದೆ. ನೆಲಮಹಡಿಯಲ್ಲಿ ಮಲಗುವವರು ಗೂಡನ್ನು ಕಿಟಕಿಯಿಂದ ತೋಳಳತೆಗಿಂತ ದೂರವೇ ಇಡಬೇಕು. ಕಿಟಕಿ ಸರಳಿನ ನಡುವೆ ಕೋಲು ತೂರಿಸಿ ಮೊಬೈಲು, ಸರ ಎಗರಿಸುವ ಕಳ್ಳರ ಸುದ್ದಿ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ವೈರು ಮತ್ತು ತಿಗಣೆ

ಹಳೆಯ ಗೂಡಿಗೆ ಹಣತೆಯಿಟ್ಟರೆ ಮುಗಿಯುತ್ತಿತ್ತು. ಈಗಿನದಕ್ಕೆ ಪ್ಲಗ್ ಪಾಯಿಂಟ್ ಬೇಕು. ಸ್ವಿಚ್ ಬೋರ್ಡಿನ ಜಾಗ ಗುರುತಿಸುವ ದಿನ ಮಂಚದ ಅಗಲ ಯಾರಿಗೂ ನೆನಪಿರುವುದಿಲ್ಲ. ಗೃಹಪ್ರವೇಶವಾದ ಮೇಲೆ ನೋಡಿದರೆ ಬೋರ್ಡು ಮಂಚದ ಹಲಗೆಯ ಹಿಂದೆ ಅಡಗಿರುತ್ತದೆ. ಗಾರೆಗೆ ಮುಂಚೆಯೇ ಮಂಚದ ನಿಜವಾದ ಅಳತೆಯನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದು ಎಲೆಕ್ಟ್ರಿಷಿಯನ್‌ಗೆ ತೋರಿಸಿದರೆ ಈ ತಾಪತ್ರಯವಿಲ್ಲ. ಬಾಗಿಲ ಬಳಿ ಹಾಕಿದ ದೀಪವನ್ನು ಮಲಗಿದಲ್ಲಿಂದಲೇ ಆರಿಸಲು ಟೂ ವೇ ಸ್ವಿಚ್ ಬೇಕು. ಕತ್ತಲಲ್ಲಿ ತಡವರಿಸಿ ಬೀಳುವ ಭಯವಿರುವ ವೃದ್ಧರಿಗೆ ಅದು ಅನುಕೂಲಕ್ಕಿಂತ ಹೆಚ್ಚಿನದು.

ಚಾರ್ಜರಿನ ಸಾಕೆಟ್ಟನ್ನು ಗೂಡಿನ ತಳಕ್ಕಿಂತ ಮೇಲೆ, ಪಕ್ಕದ ಕೆನ್ನೆಗೆ ಇಟ್ಟರೆ ಉರುಳಿದ ಬಾಟಲಿಯ ನೀರು ಅದಕ್ಕೆ ತಾಕದು. ಮೀಟರ್ ಬೋರ್ಡಿನ ಬಳಿ ಕರೆಂಟು ಸೋರಿದರೆ ತಾನೇ ಕಡಿದುಹಾಕುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಶಾಕ್‌ನಿಂದಲೂ ರಕ್ಷಣೆ. ಚಾರ್ಜ್ ಆಗುವ ಮೊಬೈಲು ಬಿಸಿಯಾಗುವುದರಿಂದ ಗೂಡಿಗೆ ಬಾಗಿಲು ಬೇಡ. ಸೊಳ್ಳೆಬತ್ತಿಯನ್ನಂತೂ ಅಲ್ಲಿ ಹಚ್ಚಲೇಬಾರದು. ಕಿಡಿ ಬಿದ್ದರೆ ಅದರ ಪಕ್ಕದಲ್ಲೇ ಹಾಸಿಗೆ. ಓದುವ ದೀಪಕ್ಕೆ ಮೂರರಿಂದ ಐದು ವ್ಯಾಟಿನ, ಹಳದಿ ಛಾಯೆಯ ಎಲ್‌ಇಡಿ ಸಾಕು. ಅದನ್ನು ಗೂಡಿನ ನೆತ್ತಿಯ ಮುಂಚೂಣಿಗೆ ಮರೆಮಾಡಿ ಕೂರಿಸಿದರೆ ಬೆಳಕು ಪುಟದ ಮೇಲಷ್ಟೇ ಬಿದ್ದು, ಪಕ್ಕದವರ ನಿದ್ದೆ ಕೆಡುವುದಿಲ್ಲ.

ತಿಗಣೆಗೆ ಮಂಚದ ಹತ್ತಿರದ ಬಿರುಕುಗಳೆಂದರೆ ಪ್ರಾಣ. ಗೂಡಿನ ಮೂಲೆಯಲ್ಲಿ ಗಾರೆ ಬಿರಿದಿದ್ದರೆ, ಮರದ ಚೌಕಟ್ಟಿಗೂ ಗೋಡೆಗೂ ನಡುವೆ ಎಳೆ ಸಂದಿ ಉಳಿದಿದ್ದರೆ ಹಗಲೆಲ್ಲ ಅಲ್ಲಿ ಅಡಗಿರುತ್ತದೆ. ಒಳಮೂಲೆಗಳನ್ನು ದುಂಡಗೆ ತಿದ್ದಿ, ಸಂದಿಗಳಿಗೆ ಪುಟ್ಟಿ ತುಂಬಿ, ಒರೆಸಬಹುದಾದ ಬಣ್ಣ ಹೊಡೆದರೆ ಧೂಳೂ ನಿಲ್ಲುವುದಿಲ್ಲ. ಗೂಡಿನ ತಳಕ್ಕೆ ಅಡುಗೆಮನೆ ಕಟ್ಟೆಯಿಂದ ಉಳಿದ ಗ್ರಾನೈಟ್ ತುಂಡೋ ಕಡಪಾ ಚಪ್ಪಡಿಯೋ ಹಾಕಿದರೆ ನೀರಿನ ಕಲೆ ಆಗದು.

ಕೊರೆಯಲಾಗದ ಗೋಡೆಯ ಮುಂದೆ

ಗೋಡೆಗೆ ದಪ್ಪವಿಲ್ಲದಿದ್ದರೆ ದಪ್ಪ ಸೇರಿಸಬಹುದು. ಮಂಚದ ತಲೆದೆಸೆಯಲ್ಲಿ, ಕೋಣೆಯ ಅಗಲಕ್ಕೂ, ಮೂರೂವರೆ ಅಡಿ ಎತ್ತರದ ಒಂದು ಗಿಡ್ಡಗೋಡೆಯನ್ನು ಪ್ಲೈವುಡ್ಡಿನಲ್ಲೋ ತೆಳು ಬ್ಲಾಕಿನಲ್ಲೋ ಎಬ್ಬಿಸುವುದು ಈಗ ಒಳಾಂಗಣ ವಿನ್ಯಾಸಕರ ಮೆಚ್ಚಿನ ದಾರಿ. ಕೋಣೆಯ ಉದ್ದದಲ್ಲಿ ಆರರಿಂದ ಎಂಟು ಅಂಗುಲ ಹೋಗುತ್ತದೆ. ಬದಲಿಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಅಟ್ಟಣಿಗೆ, ಮಂಚದ ಎರಡೂ ಮಗ್ಗುಲಿಗೆ ಒಂದೊಂದು ಗೂಡು ಸಿಗುತ್ತವೆ. ವೈರೆಲ್ಲ ಅದರ ಹೊಟ್ಟೆಯಲ್ಲೇ ಓಡುವುದರಿಂದ ಅಸಲು ಗೋಡೆಗೆ ಗ್ರೂವ್ ಹೊಡೆಯುವ ಕೆಲಸವೂ ಇಲ್ಲ. ಕಂಬಗಳು ಕೋಣೆಯೊಳಕ್ಕೆ ಉಬ್ಬಿಕೊಂಡಿರುವ ಮನೆಗಳಲ್ಲಂತೂ ಎರಡು ಕಂಬಗಳ ನಡುವೆ ವ್ಯರ್ಥವಾಗಿ ಬಿದ್ದಿರುವ ಮೂರು ನಾಲ್ಕು ಅಂಗುಲ ಈ ಲೆಕ್ಕಕ್ಕೇ ಬಂದುಬಿಡುತ್ತದೆ.

ಎರಡನೆಯ ದಾರಿ ವಾರ್ಡ್‌ರೋಬಿನದು. ತಲೆದೆಸೆಯ ಗೋಡೆಗೇ ವಾರ್ಡ್‌ರೋಬ್ ಮಾಡಿಸಿ, ನಡುವೆ ಮಂಚಕ್ಕೆ ತೆರವು ಬಿಟ್ಟು, ಎರಡೂ ಕಡೆಯ ಕಪಾಟಿನ ಕೆನ್ನೆಯಲ್ಲಿ ಗೂಡು ತೆಗೆಸುವುದು. ವಾರ್ಡ್‌ರೋಬ್ ಎರಡಡಿ ಆಳವಿರುತ್ತದೆಂದು ಬಡಗಿ ಗೂಡನ್ನೂ ಎರಡಡಿ ಆಳ ಮಾಡಿದರೆ ಹಿಂದಕ್ಕೆ ಸರಿದ ವಸ್ತು ಮಲಗಿದವರಿಗೆ ಸಿಗುವುದಿಲ್ಲ, ಒಂದಡಿ ಧಾರಾಳ. ಮಂಚದ ನೆತ್ತಿಯ ಮೇಲೆ ಹಾಯುವ ಲಾಫ್ಟಿನಲ್ಲಿ ಸೂಟ್‌ಕೇಸು, ಹಿತ್ತಾಳೆ ಪಾತ್ರೆ ತುಂಬದಿರುವುದು ಲೇಸು. ಹಗುರಾದ ಕಂಬಳಿ ದಿಂಬುಗಳಿಗಷ್ಟೇ ಅದು ಸರಿ, ಅದೂ ಗೋಡೆಗೆ ಬೋಲ್ಟು ಬಿಗಿದಿದ್ದರೆ. ತೇವದ ಊರುಗಳಲ್ಲಿ ಪ್ಲೈವುಡ್ ಕೊಳ್ಳುವಾಗ ಐಎಸ್ 710 ಗುರುತಿನ ಮರೀನ್ ದರ್ಜೆಯದನ್ನು ಕೇಳಿ, ಹಲಗೆಗೂ ಗೋಡೆಗೂ ನಡುವೆ ಅರ್ಧ ಅಂಗುಲ ಗಾಳಿಯಾಡಲು ಬಿಡಿಸಬೇಕು.

ಬಾಡಿಗೆ ಮನೆಯವರಿಗೆ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಕು. ಅವರಿಗೆ ಪಾಠ ಹೇಳಬಲ್ಲದ್ದು ರೈಲು. ಎಸಿ ಬೋಗಿಯ ಬರ್ತಿನ ಪಕ್ಕದ ತಗಡಿಗೆ ದಪ್ಪವೇ ಇಲ್ಲ. ಆದರೂ ಅಂಗೈಯಗಲದ ಬಲೆಚೀಲ, ಬಾಟಲಿ ಹಿಡಿಕೆ, ಕೊಕ್ಕೆ, ಓದುವ ದೀಪ ಇಷ್ಟರಲ್ಲೇ ಒಂದು ರಾತ್ರಿಯ ಸಂಸಾರ ನಡೆದುಹೋಗುತ್ತದೆ. ಕಿಶೊ ಕುರೊಕಾವಾ ವಿನ್ಯಾಸ ಮಾಡಿ 1979ರಲ್ಲಿ ಜಪಾನಿನ ಒಸಾಕಾದಲ್ಲಿ ತೆರೆದ ಮೊದಲ ಕ್ಯಾಪ್ಸೂಲ್ ಹೋಟೆಲಿನಲ್ಲೂ ದೀಪ, ರೇಡಿಯೊ, ಗುಂಡಿಗಳೆಲ್ಲ ಮಲಗಿದವರ ತೋಳಳತೆಯೊಳಗೇ ಇದ್ದವು. ಬಾಡಿಗೆ ಮನೆಯಲ್ಲಿ ಅದೇ ಜಾಣತನ ಮಂಚಕ್ಕೇ ಹೊಂದಿಕೊಳ್ಳಬೇಕು. ಹಾಸಿಗೆಯಡಿ ಸಿಕ್ಕಿಸಿ ಪಕ್ಕಕ್ಕೆ ಇಳಿಬಿಡುವ ದಪ್ಪ ಬಟ್ಟೆಯ ಜೇಬುಗಳನ್ನು ಯಾವ ದರ್ಜಿಯಾದರೂ ಹೊಲಿದುಕೊಡುತ್ತಾನೆ. ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆ ಇದಕ್ಕೆ ಚೆನ್ನಾಗಿ ತಡೆಯುತ್ತದೆ. ಮರದ ಮಂಚವಾದರೆ ಅದರ ಪಟ್ಟಿಗೆ ಸಿ-ಕ್ಲಾಂಪಿನಿಂದ ಬಿಗಿಯುವ ಒಂಬತ್ತಂಗುಲದ ಹಲಗೆಯನ್ನು ಬಡಗಿ ಅರ್ಧ ದಿನದಲ್ಲಿ ಮಾಡಿಕೊಡಬಲ್ಲ. ಮನೆ ಬದಲಿಸುವಾಗ ಕ್ಲಾಂಪು ಸಡಿಲಿಸಿದರೆ ಹಲಗೆಯೂ ಮಂಚದ ಜೊತೆಗೆ ಲಾರಿ ಹತ್ತುತ್ತದೆ, ಗೋಡೆಯಲ್ಲಿ ಒಂದು ತೂತೂ ಉಳಿಯದ್ದರಿಂದ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಮಾಲೀಕರಿಗೆ ನೆಪವಿರುವುದಿಲ್ಲ.